ಸಂಕದ ಆಚೆ ಅಜ್ಜಿಮನೆ

ಉಡುಪಿ ಜಿಲ್ಲೆಯ ಪೆರ್ಡೂರಿನ ಆಚೆ ಇರುವ ನನ್ನ ಹೆಂಡತಿಯ ತವರಿಗೆ ಎರಡು ದಾರಿಗಳಿವೆ. ಡಾಮರು ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಮುಕ್ಕಾಲು ಗಂಟೆಯ ನಡಿಗೆ. ಬಸ್ಸಿಳಿದು ಗದ್ದೆಯ ಹುಣಿಯ ಮೇಲೆ ನಡೆದು, ತೋಡಿಗೆ ಅಡ್ಡಲಾಗಿ ಹಾಕಿದ ಸಂಕ ದಾಟಿದರೆ ಹತ್ತೇ ನಿಮಿಷ. ಸಂಕವೆಂದರೆ ದೊಡ್ಡದೇನಲ್ಲ. ಎರಡು ಅಡಿಕೆ ಮರಗಳನ್ನು ಜೋಡಿಸಿ ಬಿಗಿದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು ಕಟ್ಟಿದ್ದಾರೆ. ಆ ಊರಿನ ಮಕ್ಕಳು ಶಾಲೆಯ ಚೀಲ ಹೊತ್ತುಕೊಂಡೇ ಅದರ ಮೇಲೆ ಓಡುತ್ತಾರೆ. ನನ್ನ ಮಗಳು ಏಳು ವರ್ಷದವಳಾಗಿದ್ದಾಗ ಅದರ ಈಚೆ ದಡದಲ್ಲಿ ನಿಂತು ಅಳುತ್ತಿದ್ದಳು. 22 ವರ್ಷಗಳಿಂದ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನು ಆಚೆ ದಡದಲ್ಲಿ ನಿಂತು, "ಧೈರ್ಯ ಮಾಡು, ಎಂತ ಆಗುವುದಿಲ್ಲ" ಎಂದು ಕೂಗುತ್ತಿದ್ದೆ.

ಅವಳಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ ಎಂಬುದು ನನಗೆ ತಿಳಿಯಲು ಇನ್ನೂ ಒಂದು ವರ್ಷ ಹಿಡಿಯಿತು.

ಕಷ್ಟ ಸಂಕವೊಂದಕ್ಕೇ ಸೀಮಿತವಾಗಿರಲಿಲ್ಲ. ಸಮವಸ್ತ್ರದ ಗುಬ್ಬಿಗಳನ್ನು, ಅಂದರೆ ಗುಂಡಿಗಳನ್ನು, ಹಾಕಿಕೊಳ್ಳಲು ಬೆಳಿಗ್ಗೆ ಅವಳಿಗೆ ಹದಿನೈದು ನಿಮಿಷ ಬೇಕಾಗುತ್ತಿತ್ತು. ಹಾಕಿ ಮುಗಿಸಿದಾಗ ಒಂದು ಗುಬ್ಬಿ ಮೇಲೆಯೋ ಕೆಳಗೆಯೋ ತಪ್ಪಿರುತ್ತಿತ್ತು. ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿನಲ್ಲೂ ಎರಡು ಕಾಲುಗಳನ್ನು ಕೂಡಿಸಿಯೇ ಮುಂದಿನ ಹೆಜ್ಜೆ ಇಡುತ್ತಿದ್ದಳು. ದೇವಸ್ಥಾನದ ಊಟದ ಪಂಕ್ತಿಯಲ್ಲಿ ಅನ್ನಕ್ಕೆ ಗುಳಿ ಮಾಡಿ ಸಾರನ್ನು ಎಲೆಯ ಮೇಲೆಯೇ ನಿಲ್ಲಿಸುವ ವಿದ್ಯೆ ನಮಗೆಲ್ಲ ಯಾವಾಗ ಬಂತೆಂದು ನೆನಪಿಲ್ಲ, ಯಾರೂ ಕಲಿಸಿಯೂ ಇಲ್ಲ. ಅವಳ ಎಲೆಯ ಸಾರು ಮಾತ್ರ ಹರಿದು ಪಕ್ಕದವರ ಸೀರೆಯ ಅಂಚನ್ನು ಮುಟ್ಟುತ್ತಿತ್ತು. "ಈ ಮಗುವಿನ ಕೈಗೆ ಗಾಜಿನ ಲೋಟ ಕೊಡಬೇಡಿ ಮಾರಾಯ್ರೆ" ಎಂದು ಅವಳ ದೊಡ್ಡಮ್ಮ ನಗುತ್ತ ಹೇಳಿದ್ದು ಪ್ರೀತಿಯಿಂದಲೇ ಇರಬಹುದು, ಆದರೆ ಮಗಳು ಅಂದಿನಿಂದ ನೆಂಟರ ಮನೆಯಲ್ಲಿ ನೀರನ್ನೇ ಕೇಳುತ್ತಿರಲಿಲ್ಲ. ಓದಿನಲ್ಲಿ ಅವಳು ಚುರುಕು, ಮಗ್ಗಿ ಬಾಯಲ್ಲೇ ಇತ್ತು. ಬರೆಯಲು ಕುಳಿತರೆ ಮಾತ್ರ ಅರ್ಧ ಪುಟಕ್ಕೆ ಕೈ ಸೋಲುತ್ತಿತ್ತು.

ಪಿ.ಟಿ. ಮಾಸ್ಟ್ರ ಮಗಳು ಹೀಗೆ ಎಂಬ ಮಾತು ಯಾರ ಬಾಯಿಂದಲೂ ನೇರವಾಗಿ ಬರದಿದ್ದರೂ ನನ್ನ ಕಿವಿಗೆ ಅದು ಸದಾ ಕೇಳುತ್ತಿತ್ತು. ನನಗೆ ಗೊತ್ತಿದ್ದ ಔಷಧ ಒಂದೇ, ಅಭ್ಯಾಸ. ಬೆಳಿಗ್ಗೆ ಆರು ಗಂಟೆಗೆ ಅಂಗಳದಲ್ಲಿ ನಿಲ್ಲಿಸಿ 50 ಸಲ ಚೆಂಡು ಎಸೆಯುತ್ತಿದ್ದೆ. ಅವಳು 45 ಸಲ ಬಿಡುತ್ತಿದ್ದಳು, ಮರುದಿನವೂ 45 ಸಲ ಬಿಡುತ್ತಿದ್ದಳು. ಕೆಲವು ವಾರಗಳಲ್ಲಿ ಬೆಳಗಿನ ಹೊಟ್ಟೆನೋವು ಶುರುವಾಯಿತು. ಅದನ್ನು ನಾನು ನೆಪವೆಂದು ತಿಳಿದೆ. ಕೊನೆಗೆ ಅವಳ ತರಗತಿಯ ಟೀಚರ್ ಒಂದು ದಿನ, "ಸರ್, ಅವಳಿಗೆ ಉತ್ತರ ಗೊತ್ತುಂಟು, ಬರೆಯಲಿಕ್ಕೆ ಆಗುವುದಿಲ್ಲ. ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ" ಎಂದರು. ಮೈದಾನದಲ್ಲಿ ನಿಂತು ನಾನು ಕಾಣದೆ ಹೋದದ್ದನ್ನು ಅವರು ನಾಲ್ಕು ಗೋಡೆಗಳ ಒಳಗೆ ಕುಳಿತು ಕಂಡಿದ್ದರು.

ವೈದ್ಯರು ಮೊದಲು ಕಣ್ಣು ಪರೀಕ್ಷೆ ಮಾಡಿಸಿದರು, ನರಗಳಲ್ಲಿ, ಸ್ನಾಯುಗಳಲ್ಲಿ ಬೇರೆ ತೊಂದರೆ ಇದೆಯೇ ಎಂದು ನೋಡಿದರು, ಹುಟ್ಟಿದಾಗಿನ ತೂಕ, ನಡೆಯಲು ಕಲಿತ ತಿಂಗಳು ಎಲ್ಲವನ್ನೂ ಕೇಳಿ ಬರೆದುಕೊಂಡರು. ಅನಂತರ ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಚಿಕಿತ್ಸಕರಾದ ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರ ಬಳಿಗೆ ಕಳುಹಿಸಿದರು. ಅಲ್ಲಿ ನಡೆದ ಪರೀಕ್ಷೆಯ ಹೆಸರು ಮೂವ್‌ಮೆಂಟ್ ಎಬಿಸಿ. ಅದರಲ್ಲಿ ಮೂರು ಭಾಗಗಳಿವೆ: ಕೈಬೆರಳುಗಳ ಕೆಲಸ, ಗುರಿ ಹಿಡಿದು ಎಸೆಯುವುದು ಮತ್ತು ಹಿಡಿಯುವುದು, ಸಮತೋಲನ. ಮಗಳು ಹಲಗೆಯ ತೂತುಗಳಿಗೆ ಗೂಟಗಳನ್ನು ಸೇರಿಸಿದಳು, ದಾರ ಪೋಣಿಸಿದಳು, ಎರಡು ಗೆರೆಗಳ ನಡುವೆ ಪೆನ್ನು ಓಡಿಸಿದಳು, ಗೋಡೆಗೆ ಹೊಡೆದು ಮರಳಿದ ಟೆನಿಸ್ ಚೆಂಡು ಹಿಡಿಯಲು ನೋಡಿದಳು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆದಳು. ಎಲ್ಲದಕ್ಕೂ ಆ ವಯಸ್ಸಿನ ಮಕ್ಕಳ ಅಂಕಗಳೊಂದಿಗೆ ಹೋಲಿಕೆ. ಮಗುವಿನ ತಪ್ಪುಗಳನ್ನು ಒಬ್ಬರು ಬೈಯದೆ, ನಗದೆ, ಸುಮ್ಮನೆ ಬರೆದುಕೊಳ್ಳುವುದನ್ನು ನಾನು ಅಂದು ಮೊದಲ ಬಾರಿ ನೋಡಿದೆ.

ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್ ಎಂದು ವರದಿಯಲ್ಲಿತ್ತು, ಅಂದರೆ ಬೆಳೆಯುವ ವಯಸ್ಸಿನಲ್ಲಿ ಮೈಕೈಗಳ ಚಲನೆ ಒಂದಕ್ಕೊಂದು ಹೊಂದಿಕೊಳ್ಳದ ತೊಂದರೆ. ಡಿಸ್‌ಪ್ರಾಕ್ಸಿಯಾ ಎಂದು ಹೇಳುವವರೂ ಇದ್ದಾರೆ. ಹಿಂದೆ ಇಂಗ್ಲಿಷಿನ ವೈದ್ಯಕೀಯ ಬರಹಗಳಲ್ಲೂ ಇಂಥವರನ್ನು ಒಡ್ಡೊಡ್ಡಾದ ಮಕ್ಕಳು ಎಂಬ ಅರ್ಥದ ಮಾತಿನಿಂದಲೇ ಕರೆಯುತ್ತಿದ್ದರು. 1994ರಲ್ಲಿ ಕೆನಡಾದ ಲಂಡನ್ ನಗರದಲ್ಲಿ ತಜ್ಞರು ಸೇರಿ ಈಗಿನ ಹೆಸರನ್ನು ಒಪ್ಪಿಕೊಂಡರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಶೇಕಡಾ 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಸೋಮಾರಿತನಕ್ಕೆ ಅಂತೂ ಇಲ್ಲವೇ ಇಲ್ಲ.

ಹಾಗಾದರೆ ತೊಡಕು ಎಲ್ಲಿದೆ? ನಾವು ನೆಟ್ಟಗೆ ನಿಲ್ಲುವುದಕ್ಕೆ ಮೂರು ಕಡೆಗಳಿಂದ ಸುದ್ದಿ ಬರುತ್ತಿರಬೇಕು. ಕಣ್ಣು ಒಂದು. ಒಳಗಿವಿ ಇನ್ನೊಂದು: ಅಲ್ಲಿ ಒಂದಕ್ಕೊಂದು ಲಂಬವಾಗಿರುವ ಮೂರು ಅರ್ಧವೃತ್ತಾಕಾರದ ನಾಳಗಳೊಳಗಿನ ದ್ರವ ತಲೆ ತಿರುಗಿದ್ದನ್ನು ತಿಳಿಸಿದರೆ, ಪಕ್ಕದ ಎರಡು ಪುಟ್ಟ ಚೀಲಗಳಲ್ಲಿರುವ ಸುಣ್ಣದ ಹರಳುಗಳು ತಲೆ ವಾಲಿದ್ದನ್ನೂ ಮುಂದಕ್ಕೆ ಸರಿದದ್ದನ್ನೂ ತಿಳಿಸುತ್ತವೆ. ಮೂರನೆಯದು ಸ್ನಾಯು ಮತ್ತು ಕೀಲುಗಳಿಂದ ಬರುವ ಸುದ್ದಿ. ಕತ್ತಲೆಯಲ್ಲಿಯೂ ನಮ್ಮ ಕೈ ಎಲ್ಲಿದೆಯೆಂದು ನಮಗೆ ಗೊತ್ತಿರುವುದು ಇದರಿಂದಲೇ. ಒಂಟಿ ಕಾಲಿನಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ, ಮೂರರಲ್ಲಿ ಒಂದು ನಿಂತರೆ ಉಳಿದೆರಡರ ಪರದಾಟ ಕಾಲ್ಗಂಟಿನಲ್ಲೇ ತಿಳಿಯುತ್ತದೆ. ಈ ಸುದ್ದಿಗಳನ್ನು ಕೂಡಿಸಿ, ಮುಂದಿನ ಕ್ಷಣದಲ್ಲಿ ದೇಹ ಎಲ್ಲಿರುತ್ತದೆ ಎಂದು ಮೆದುಳು, ಅದರಲ್ಲೂ ಹಿಂಭಾಗದ ಕಿರುಮೆದುಳು, ಮೊದಲೇ ಲೆಕ್ಕ ಹಾಕಿರುತ್ತದೆ. ಚೆಂಡು ಕೈಗೆ ತಾಗಿದ ಮೇಲೆ ಬೆರಳು ಮಡಚಿದರೆ ಅದು ಆಗಲೇ ಜಾರಿರುತ್ತದೆ. ಹಿಡಿಯುವವನ ಬೆರಳು ಚೆಂಡು ಬರುವ ಮುನ್ನವೇ ಮಡಚಲು ತೊಡಗಿರುತ್ತದೆ. ಈ ಮುಂಗಾಣುವ ಲೆಕ್ಕದಲ್ಲಿಯೇ ಇಂಥ ಮಕ್ಕಳಿಗೆ ತೊಡಕಿದೆ ಎಂಬುದು ಹಲವು ಸಂಶೋಧಕರ ವಿವರಣೆ. ನನ್ನ 50 ಚೆಂಡುಗಳ ಬೆಳಗುಗಳನ್ನು ಈ ವಿವರಣೆಯ ಪಕ್ಕದಲ್ಲಿಟ್ಟು ನೋಡಿದಾಗ ಮುಖ ಬಿಸಿಯಾಯಿತು. ಲೆಕ್ಕವೇ ತಪ್ಪುತ್ತಿದ್ದ ಮಗುವಿಗೆ ನಾನು ಅದೇ ಲೆಕ್ಕವನ್ನು ದಿನಕ್ಕೆ 50 ಸಲ ಕೊಟ್ಟು, ವಿಧಾನವನ್ನು ಮಾತ್ರ ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ.

ಚಿಕಿತ್ಸೆಯ ದಾರಿಯಲ್ಲಿ ಮೊದಲು ಎಡವಿದೆವು. ಯಾರೋ ಹೇಳಿದರೆಂದು ಹೋದ ಒಂದು ಕೇಂದ್ರದಲ್ಲಿ ಮೂರು ತಿಂಗಳಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ಭರವಸೆ ಕೊಟ್ಟು, ಮುಂಗಡ ಹಣ ಪಡೆದು, ಮಗುವನ್ನು ತೂಗುಹಲಗೆಯ ಮೇಲೆ ಕೂರಿಸಿ ತಿರುಗಿಸುವುದನ್ನೇ ಹೆಚ್ಚಾಗಿ ಮಾಡಿದರು. ತೂಗುಹಲಗೆಯ ಹಿಂದೆ ಒಂದು ಗಂಭೀರವಾದ ವಿಚಾರವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎ. ಜೀನ್ ಏರ್ಸ್ ಎಂಬ ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ಇಂದ್ರಿಯಗಳ ಸುದ್ದಿಗಳು ಮೆದುಳಿನಲ್ಲಿ ಹೊಂದಿಕೊಳ್ಳುವ ಬಗೆಯನ್ನು ಕುರಿತು ಮಾಡಿದ ಕೆಲಸ 1970ರ ದಶಕದಿಂದ ಹೆಸರಾಗಿದೆ, ಜಗತ್ತಿನ ಅನೇಕ ಥೆರಪಿ ಕೋಣೆಗಳಲ್ಲಿ ತೂಗಾಡುವ ಹಲಗೆ ಇರುವುದು ಅದರಿಂದಲೇ. ಆದರೆ ಈ ತೊಂದರೆಯ ಬಗ್ಗೆ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗದರ್ಶಿ ಸೂಚನೆಗಳು ಒತ್ತು ಕೊಡುವುದು ಬೇರೆಯದಕ್ಕೆ: ಮಗುವಿಗೆ ಬದುಕಿನಲ್ಲಿ ಯಾವ ಕೆಲಸ ಬರಬೇಕೋ ಆ ಕೆಲಸವನ್ನೇ ಹಿಡಿದು ಕಲಿಸುವುದಕ್ಕೆ. ಮಗಳು ಮೂರು ತಿಂಗಳಲ್ಲಿ ತಿರುಗುವ ಹಲಗೆಯ ಮೇಲೆ ಚೆನ್ನಾಗಿ ಕುಳಿತುಕೊಳ್ಳಲು ಕಲಿತಳು. ಗುಬ್ಬಿ ಹಾಕಿಕೊಳ್ಳಲು ಅದೇ ಹದಿನೈದು ನಿಮಿಷ ಬೇಕಾಗುತ್ತಿತ್ತು.

ಆಮೇಲೆ ಪರೀಕ್ಷೆ ಮಾಡಿದ್ದ ಥೆರಪಿಸ್ಟರ ಬಳಿಗೇ ಮರಳಿದೆವು. ವಾರಕ್ಕೆ ಒಂದು ಸಂಜೆ, ಮಣಿಪಾಲದ ಸಿಟಿ ಬಸ್ಸಿನಲ್ಲಿ ನಾವಿಬ್ಬರೇ. ಮೊದಲ ದಿನ ಆಕೆ ನನ್ನನ್ನು ಬಿಟ್ಟು ಮಗಳನ್ನು ಕೇಳಿದರು: "ನಿನಗೆ ಯಾವ ಮೂರು ಕೆಲಸ ಮಾಡಲಿಕ್ಕೆ ಬರಬೇಕು?" ನಾನು ಚೆಂಡು ಹಿಡಿಯುವುದು ಎಂದು ಹೇಳಲು ಬಾಯಿ ತೆರೆದೆ. "ಸರ್, ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ" ಎಂದರು. ಮಕ್ಕಳನ್ನು ತರಗತಿಯಿಂದ ಹೊರಗೆ ಕಳುಹಿಸಿದ ಅನುಭವ ನನಗಿತ್ತು, ಹೊರಗೆ ಹೋಗಿ ಕುಳಿತ ಅನುಭವವಿರಲಿಲ್ಲ. ಮಗಳು ಆರಿಸಿದ್ದು ಹೀಗಿತ್ತು: ಶೂಗಳ ಬಕ್ಕಲ್ ಹಾಕಿಕೊಳ್ಳುವುದು, ಪಕ್ಕದ ಮನೆಯ ಮಕ್ಕಳೊಂದಿಗೆ ಕುಂಟೆಬಿಲ್ಲೆ ಆಡುವುದು, ಅಜ್ಜಿಮನೆಯ ಸಂಕ ದಾಟುವುದು. ಚೆಂಡು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಈ ವಿಧಾನ ಕೆನಡಾದಲ್ಲಿ ಹೆಲೆನ್ ಪೊಲಟೈಕೊ ಮತ್ತು ಅವರ ಜೊತೆಗಾರರು ರೂಪಿಸಿದ್ದೆಂದು ಆಮೇಲೆ ಓದಿ ತಿಳಿದೆ. ಗುರಿ ಇಡು, ಉಪಾಯ ಹೂಡು, ಮಾಡು, ಸರಿಯಾಯಿತೇ ನೋಡು ಎಂಬ ನಾಲ್ಕು ಮಾತುಗಳು ಅದರ ಬೆನ್ನೆಲುಬು. ಉಪಾಯವನ್ನು ಹೂಡಬೇಕಾದದ್ದು ಮಗುವೇ ಎಂಬುದರಲ್ಲಿ ಅದರ ಜಾಣತನವಿದೆ. ಬಕ್ಕಲ್ ಏಕೆ ಜಾರುತ್ತದೆ ಎಂದು ಥೆರಪಿಸ್ಟ್ ಕೇಳುತ್ತಾರೆ, ಉತ್ತರ ಹೇಳುವುದಿಲ್ಲ. ಮಗಳು ಎರಡು ವಾರ ಯೋಚಿಸಿ, ಪಟ್ಟಿ ಎಳೆಯುವಾಗ ತನ್ನ ಕಾಲೇ ಮೇಲೇಳುತ್ತದೆ, ಆದ್ದರಿಂದ ಕಾಲನ್ನು ಗೋಡೆಗೆ ಒತ್ತಿಟ್ಟುಕೊಂಡರೆ ಆಗಬಹುದು ಎಂದು ಕಂಡುಕೊಂಡಳು. ನಾನಾಗಿದ್ದರೆ ಈ ಉಪಾಯವನ್ನು ಮೊದಲ ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ, ಅವಳು ಅದನ್ನು ಮೂರನೆಯ ದಿನಕ್ಕೆ ಮರೆಯುತ್ತಿದ್ದಳು. ಕಾಯುವುದು ಎಷ್ಟು ಕಷ್ಟದ ಕೆಲಸವೆಂದು ಆ ಎರಡು ವಾರಗಳಲ್ಲಿ ತಿಳಿಯಿತು. ಹೊರಗಿನ ಬೆಂಚಿನ ಮೇಲೆ ಕುಳಿತು ನನ್ನ ಕೈಗಳು ತಾವಾಗಿಯೇ ಬಕ್ಕಲ್ ಹಾಕುತ್ತಿದ್ದವು.

ಕುಂಟೆಬಿಲ್ಲೆಗೆ ಹೆಚ್ಚು ದಿನ ಬೇಕಾಯಿತು. ಅದೊಂದು ಆಟವೆಂದು ನಾವು ಹಗುರವಾಗಿ ಹೇಳಿದರೂ ಅದರೊಳಗೆ ಎಷ್ಟು ಕೆಲಸಗಳು ಹೆಣೆದುಕೊಂಡಿವೆ: ಬಿಲ್ಲೆಯನ್ನು ಎಣಿಸಿದ ಮನೆಯೊಳಗೇ ಬೀಳುವಂತೆ ಎಸೆಯಬೇಕು, ಗೆರೆ ತುಳಿಯದೆ ಒಂಟಿಕಾಲಿನಲ್ಲಿ ಕುಪ್ಪಳಿಸಬೇಕು, ಒಂಟಿಕಾಲಿನಲ್ಲಿಯೇ ಬಗ್ಗಿ ಹೆಕ್ಕಬೇಕು, ತಿರುಗಬೇಕು. ಥೆರಪಿಸ್ಟ್ ಅದನ್ನು ಬಿಡಿಸಿಟ್ಟರು. ಮೊದಲು ದೊಡ್ಡ ಮನೆಗಳು, ಎರಡು ಕಾಲುಗಳ ಜಿಗಿತ. ಆಮೇಲೆ ಒಂದು ಕಾಲು. ಹೆಕ್ಕುವುದು ಎಲ್ಲಕ್ಕಿಂತ ಕೊನೆಗೆ. ನಮ್ಮ ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದ ಮನೆಗಳು ತಿಂಗಳಿಗೊಮ್ಮೆ ಚಿಕ್ಕದಾಗುತ್ತ ಬಂದವು.

ಅಲ್ಲಿಂದ ಮುಂದೆ ನಮ್ಮೂರಿನ ಹಳೆಯ ಆಟಗಳನ್ನೆಲ್ಲ ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ತೋಟದಲ್ಲಿ ಎಳೆಯುವ ಆಟದಲ್ಲಿ ಕುಳಿತವನ ಬೆನ್ನು ಪ್ರತಿ ತಿರುವಿನಲ್ಲೂ ತನ್ನನ್ನು ತಾನು ಸರಿಪಡಿಸಿಕೊಳ್ಳಬೇಕು. ತುಳುವರ ಆಟಿ ತಿಂಗಳ ಮಳೆಯಲ್ಲಿ ಆಡುವ ಚೆನ್ನೆಮಣೆಯಲ್ಲಿ ಏಳೇಳರ ಎರಡು ಸಾಲು ಗುಳಿಗಳಿಗೆ ಕಾಯಿಗಳನ್ನು ಒಂದೊಂದಾಗಿ ಬಿಡುತ್ತ ಹೋಗುವಾಗ, ಅಂಗೈಯಲ್ಲಿ ಉಳಿದವನ್ನು ಬೀಳದಂತೆ ಹಿಡಿದು ಒಂದನ್ನು ಮಾತ್ರ ಬೆರಳತುದಿಗೆ ತರುವುದು ಸಣ್ಣ ಕೆಲಸವಲ್ಲ. ಮಲ್ಪೆ ಕಡಲತೀರದ ಒಣ ಮರಳಿನಲ್ಲಿ ನಡೆದರೆ ಪ್ರತಿ ಹೆಜ್ಜೆಯೂ ಕಾಲ್ಗಂಟನ್ನು ಕೇಳಿಕೊಂಡೇ ಮುಂದೆ ಹೋಗುತ್ತದೆ. ಆದರೆ ಹಳೆಯ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ, ಮೊಬೈಲ್ ಬಂದ ಮೇಲೆ ಬಂತು ಎನ್ನುವವರ ಜೊತೆ ನಾನು ಸೇರುವುದಿಲ್ಲ. ನಮ್ಮ ಅಜ್ಜನ ಮನೆಯಲ್ಲಿ ಒಬ್ಬ ಚಿಕ್ಕಪ್ಪನಿದ್ದರು. ಕೈಯಲ್ಲಿದ್ದ ಹಾಲಿನ ಚೆಂಬು ಚೆಲ್ಲುತ್ತಿದ್ದವರು, ಯಾರೂ ಆಟಕ್ಕೆ ಸೇರಿಸಿಕೊಳ್ಳದವರು, ಕೊನೆಯ ತನಕ "ಏನೂ ಬಾರದವ" ಎಂದೇ ಕರೆಸಿಕೊಂಡವರು. ಮನೆಯ ಲೆಕ್ಕಪತ್ರವೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು.

ಇನ್ನೊಂದು ನೆನಪೂ ಬಂತು. ಚಿಕ್ಕವನಿದ್ದಾಗ ಒಂದು ಬೇಸಿಗೆ ಯಕ್ಷಗಾನದ ಹೆಜ್ಜೆ ಕಲಿಯಲು ಹೋಗಿದ್ದೆ. ಗುರುಗಳು ಮೊದಲು ಕಾಲೆತ್ತಲು ಬಿಡಲಿಲ್ಲ, ತಾಳ ಹಾಕಿ ಬಾಯಲ್ಲಿ ಹೇಳಿಸಿದರು. ಬಾಯಲ್ಲಿ ತಪ್ಪದೆ ಬಂದ ಮೇಲೆಯೇ ಕಾಲಿಗೆ ಇಳಿಸಿದರು. ಮಾಡಬೇಕಾದ ಕೆಲಸವನ್ನು ಮೊದಲು ತನಗೆ ತಾನೇ ಮಾತಿನಲ್ಲಿ ಹೇಳಿಕೊಳ್ಳುವುದನ್ನು ಆ ಕೆನಡಾದ ವಿಧಾನದಲ್ಲಿಯೂ ಕಲಿಸುತ್ತಾರೆ. ಎರಡೂ ಒಂದೇ ಎಂದು ನಾನು ಹೇಳಹೊರಟಿಲ್ಲ. ಕುಪ್ಪಳಿಸುವ ಮುನ್ನ ಮಗಳು "ನೋಡು, ಬಗ್ಗು, ಹಾರು" ಎಂದು ಗುನುಗುವುದನ್ನು ಕೇಳಿದಾಗ ಗುರುಗಳ ತಾಳದ ಸದ್ದು ಕಿವಿಯಲ್ಲಿ ಎದ್ದಿತು, ಅಷ್ಟೆ.

ಬರವಣಿಗೆಯನ್ನು ಅವಳು ಆರಿಸಿರಲಿಲ್ಲ, ಆದರೂ ಶಾಲೆಯವರು ಅದನ್ನು ಬಿಡಬೇಕಲ್ಲ. ನಮ್ಮ ಲಿಪಿ ಇಂಥ ಕೈಗಳಿಗೆ ದಯೆ ತೋರುವುದಿಲ್ಲ. ಒಂದೇ ಅಕ್ಷರದಲ್ಲಿ ಸುತ್ತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತದೆ. ತಲೆಕಟ್ಟು, ಗುಡಿಸು, ಕೊಂಬು ಎಂದು ಅಕ್ಷರ ಮೂರು ದಿಕ್ಕುಗಳಿಗೆ ಚಾಚುತ್ತದೆ. ಒತ್ತಕ್ಷರ ಬಂದರೆ ಗೆರೆಯಿಂದ ಕೆಳಗಿಳಿದು ಬರೆದು ಮತ್ತೆ ಮೇಲೇರಬೇಕು. ಥೆರಪಿಸ್ಟ್ ಒರಟು ಹಿಡಿಯ ದಪ್ಪ ಪೆನ್ಸಿಲ್, ಇಳಿಜಾರಾದ ಬರೆಯುವ ಹಲಗೆ, ಕಾಲು ನೆಲಕ್ಕೆ ತಾಗುವ ಎತ್ತರದ ಕುರ್ಚಿ ಇವಿಷ್ಟನ್ನು ಸೂಚಿಸಿದರು. ಕುರ್ಚಿಯದೇ ದೊಡ್ಡ ಪರಿಣಾಮವಾಯಿತು. ಕಾಲು ಜೋಲಾಡುವ ಮಗು ಬೀಳದಂತೆ ಕುಳಿತಿರುವುದಕ್ಕೇ ಅರ್ಧ ಶಕ್ತಿಯನ್ನು ಖರ್ಚು ಮಾಡುತ್ತದೆ, ಉಳಿದರ್ಧದಲ್ಲಿ ಒತ್ತಕ್ಷರ ಬರೆಯಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳೋಣವೆಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ಇದು ಪ್ರತ್ಯೇಕ ಬಗೆಯಾಗಿ ಇಲ್ಲ, ಕಲಿಕೆಯ ನಿರ್ದಿಷ್ಟ ತೊಂದರೆಗಳ ವಿವರಣೆಯೊಳಗೆ ಡಿಸ್‌ಪ್ರಾಕ್ಸಿಯಾ ಎಂಬ ಹೆಸರು ಬರುತ್ತದೆ. ನಾವು ಟೀಚರ ಒಳ್ಳೆಯತನವನ್ನೇ ನಂಬಿದೆವು.

ಸಂಕದ ವಿಷಯಕ್ಕೆ ಬರುತ್ತೇನೆ. ಥೆರಪಿ ಕೋಣೆಯಲ್ಲಿ ನೆಲದಿಂದ ಗೇಣುದ್ದ ಎತ್ತರದ ಮರದ ದಿಮ್ಮಿಯೊಂದಿತ್ತು. ನಾಲ್ಕು ತಿಂಗಳಲ್ಲಿ ಮಗಳು ಅದರ ಮೇಲೆ ಕೈ ಚಾಚಿ, ಆಮೇಲೆ ಕೈ ಚಾಚದೆ ನಡೆದಳು. ದಸರಾ ರಜೆಯಲ್ಲಿ ನಾನು ಹೆಮ್ಮೆಯಿಂದ ಅವಳನ್ನು ತೋಡಿನ ಬಳಿಗೆ ಕರೆದುಕೊಂಡು ಹೋದೆ. ಎರಡು ಹೆಜ್ಜೆ ಇಟ್ಟವಳು ನಿಂತಳು, ಕುಳಿತಳು, ಹಿಂದಕ್ಕೆ ತೆವಳಿದಳು. ನನಗೆ ನಿರಾಸೆಯಾಯಿತು; ಥೆರಪಿಸ್ಟರಿಗೆ ಆಶ್ಚರ್ಯವೇ ಆಗಲಿಲ್ಲ. ಸಮತೋಲನವೆಂಬ ಒಂದು ಇಡಿಯ ಶಕ್ತಿ ಮೈಯೊಳಗಿದೆ, ಅದನ್ನು ಒಂದು ಕಡೆ ಬೆಳೆಸಿದರೆ ಎಲ್ಲ ಕಡೆಗೂ ಒದಗುತ್ತದೆ ಎಂದು ನಾನು ವೃತ್ತಿಯುದ್ದಕ್ಕೂ ನಂಬಿದ್ದೆ. ದಿಮ್ಮಿಯ ಮೇಲಿನ ನಡಿಗೆಯನ್ನು ತಾವಾಗಿ ಸಂಕಕ್ಕೆ ಒಯ್ಯುವ ಮಕ್ಕಳು ಇದ್ದಾರೆ, ಅವರನ್ನೇ ನಾನು ಎಲ್ಲ ಮಕ್ಕಳೆಂದು ತಿಳಿದಿದ್ದೆ. ನನ್ನ ಮಗಳಿಗೆ ಕೋಣೆಯ ದಿಮ್ಮಿ ಬೇರೆ, ಸಂಕ ಬೇರೆ. ಸಂಕ ದುಂಡಗಿದೆ, ನಡುವೆ ಬಂದಾಗ ಬಾಗುತ್ತದೆ. ಕೆಳಗೆ ನೀರು ಹರಿಯುವುದರಿಂದ ನೆಲ ನಿಂತಿದೆಯೋ ತಾನು ಚಲಿಸುತ್ತಿದ್ದೇನೋ ಎಂದು ಕಣ್ಣು ತಪ್ಪು ಸುದ್ದಿ ಕೊಡುತ್ತದೆ.

ಹಾಗಾಗಿ ಸಂಕವನ್ನೇ ಕಲಿಸಬೇಕಾಯಿತು. ಮಾವ ಬಿದ್ದ ಅಡಿಕೆ ಮರಗಳೆರಡನ್ನು ಕಡಿದು ಅಂಗಳದಲ್ಲಿ ಹಾಕಿಕೊಟ್ಟರು, ಮೊದಲು ನೆಲದ ಮೇಲೆ, ಆಮೇಲೆ ಎರಡು ಬದಿಗೂ ಕಲ್ಲಿಟ್ಟು ಬಾಗುವ ಹಾಗೆ. ಕೆಳಗೆ ಹರಿಯುವ ನೀರಿನ ಬದಲು ಅಜ್ಜಿ ತನ್ನ ನೀಲಿ ಸೀರೆಯನ್ನು ಹಾಸಿ, ಒಂದು ತುದಿ ಹಿಡಿದು ಅಲುಗಿಸಿದರು. ಇದನ್ನು ಯಾವ ಥೆರಪಿಸ್ಟರೂ ಹೇಳಿಕೊಟ್ಟಿರಲಿಲ್ಲ. ನೇರವಾಗಿ ನಡೆಯುವ ಬದಲು ಬಿದಿರಿನ ಕಡೆಗೆ ಮುಖ ಮಾಡಿ, ಎರಡು ಕೈಗಳಿಂದ ಅದನ್ನು ಹಿಡಿದು, ಏಡಿಯಂತೆ ಅಡ್ಡಡ್ಡ ಸರಿದರೆ ನೀರು ಕಣ್ಣಿಗೆ ಬೀಳುವುದಿಲ್ಲ ಎಂಬ ಉಪಾಯವನ್ನು ಮಗಳೇ ಹೂಡಿದಳು. ನೆಟ್ಟಗೆ, ಎದೆಯೆತ್ತಿ ನಡೆಯುವುದನ್ನು ಕಲಿಸಿದ ನನ್ನ ಕಣ್ಣಿಗೆ ಅದು ಚೆಂದ ಕಾಣಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ.

ಈ ನಡುವೆ ಶೇಕಡಾ 5ರ ಲೆಕ್ಕ ನನ್ನನ್ನು ಬಿಡುತ್ತಿರಲಿಲ್ಲ. 40 ಮಕ್ಕಳ ತರಗತಿಗೆ ಇಬ್ಬರು. 22 ವರ್ಷಗಳಲ್ಲಿ ನನ್ನ ಸೀಟಿಯ ಎದುರು ನಿಂತವರಲ್ಲಿ ಎಷ್ಟು ಮಂದಿಯಾದರು? ಒಬ್ಬ ಹುಡುಗನ ಮುಖ ಮಾತ್ರ ಸ್ಪಷ್ಟವಾಗಿ ನೆನಪಿದೆ. ಉಡುಪಿಯ ಅಜ್ಜರಕಾಡು ಮೈದಾನದ ಸ್ವಾತಂತ್ರ್ಯೋತ್ಸವದ ಪಥಸಂಚಲನಕ್ಕೆ ತಾಲೀಮು ನಡೆಯುವಾಗ ಅವನ ಬಲಗಾಲಿನೊಂದಿಗೆ ಬಲಗೈಯೇ ಮುಂದೆ ಬರುತ್ತಿತ್ತು. ಎಲ್ಲರ ಎದುರು ಅವನೊಬ್ಬನನ್ನೇ ನಡೆಸಿದೆ, ಮಕ್ಕಳು ನಕ್ಕರು, ನಾನೂ ನಕ್ಕೆ, ಆಮೇಲೆ ತಂಡದಿಂದ ತೆಗೆದೆ. ಅವನು ಒಂದು ಮಾತೂ ಆಡದೆ ಟೋಪಿಯನ್ನು ಮೇಜಿನ ಮೇಲಿಟ್ಟು ಹೋದ. ಅವನಿಗೆ ಇದೇ ತೊಂದರೆ ಇತ್ತೋ ಇಲ್ಲವೋ ಹೇಳಲಾರೆ. ಟೋಪಿ ಇಟ್ಟ ರೀತಿ ಮಾತ್ರ ಮಗಳು ನೆಂಟರ ಮನೆಯಲ್ಲಿ ನೀರು ಬೇಡವೆನ್ನುವ ರೀತಿಯಂತೆಯೇ ಇತ್ತು.

ಈಗ ತಾಲೀಮಿನ ಮೊದಲ ವಾರ ನಾನು ಕೈ ಬೀಸಿಸುವುದಿಲ್ಲ. ಕೈಗಳನ್ನು ಬದಿಗೆ ಇಟ್ಟುಕೊಂಡು ಕಾಲು ಮಾತ್ರ, ಎಲ್ಲರೂ ಬಾಯಲ್ಲಿ ಎಣಿಸುತ್ತ. ಕೈ ಸೇರುವುದು ಎರಡನೆಯ ವಾರ. ಕಳೆದ ಆಗಸ್ಟಿನಲ್ಲಿ ಒಬ್ಬ ಹುಡುಗನಿಗೆ ಕೊನೆಯ ತನಕವೂ ಕೈ ಸೇರಲಿಲ್ಲ. ಅವನ ಕೈಗೆ ಧ್ವಜದ ಕೋಲು ಕೊಟ್ಟೆವು, ಎರಡು ಕೈಗಳಿಂದಲೂ ಹಿಡಿಯಬೇಕಾದದ್ದು.

ಮಗಳಿಗೆ ಈಗ ಹತ್ತು ವರ್ಷ. ಅವಳು ಗುಣವಾದಳೇ ಎಂದು ನೆಂಟರು ಕೇಳುತ್ತಾರೆ. ಇದು ಗುಣವಾಗುವ ಬಗೆಯದಲ್ಲ, ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ ಎಂದು ಹೇಳಿದರೆ ಅವರ ಮುಖ ಸಣ್ಣದಾಗುತ್ತದೆ. ಬಕ್ಕಲ್ ಹಾಕಿಕೊಳ್ಳುತ್ತಾಳೆ, ಕುಂಟೆಬಿಲ್ಲೆಯಲ್ಲಿ ಸೋಲುತ್ತಾಳೆ, ಆದರೆ ಆಡುತ್ತಾಳೆ. ಸೈಕಲ್ ಇನ್ನೂ ಬಂದಿಲ್ಲ. ಎಲೆಯ ಮೇಲಿನ ಸಾರಿಗೆ ಅವಳ ಉಪಾಯ ಸರಳ: ಸಾರು ಬಡಿಸುವವರು ಬಂದಾಗ ಲೋಟ ಮುಂದೆ ಹಿಡಿಯುತ್ತಾಳೆ. ಸ್ಟೀಲಿನ ಲೋಟ.

ಸಂಕವನ್ನು ಅವಳು ಮೊದಲ ಬಾರಿ ದಾಟಿದ್ದು ಜನವರಿಯ ಒಂದು ಮಧ್ಯಾಹ್ನ, ತೋಡಿನಲ್ಲಿ ನೀರು ಮೊಣಕಾಲಿಗಿಂತ ಕೆಳಗಿದ್ದಾಗ, ಅಡ್ಡಡ್ಡವಾಗಿ, ನಾಲ್ಕು ನಿಮಿಷಗಳಲ್ಲಿ. ಆಚೆ ದಡದಲ್ಲಿ ಅಜ್ಜಿ ನಿಂತಿದ್ದರು. ನನ್ನನ್ನು ಈಚೆ ದಡದಲ್ಲಿಯೇ ಇರಲು ಹೇಳಿದ್ದಳು, ಏನೂ ಕೂಗಬಾರದೆಂದೂ ಹೇಳಿದ್ದಳು. ಮಳೆಗಾಲದಲ್ಲಿ ಈಗಲೂ ನಾವು ಡಾಮರು ರಸ್ತೆಯಿಂದಲೇ ಸುತ್ತಿಕೊಂಡು ಹೋಗುತ್ತೇವೆ. ಅಡಿಕೆ ಮರಕ್ಕೆ ಪಾಚಿ ಹಿಡಿದಾಗ ಅದರ ಮೇಲೆ ಕಾಲಿಡಲು ನನಗೂ ಹೆದರಿಕೆಯಾಗುತ್ತದೆ.